ಗಡಿಗೆಗೆ ಕಿವಿಯಿಡುವ ಕಾಕಾ

ನಮ್ಮ ಕಾಕಾನ ಹೊಟ್ಟೆಯಲ್ಲಿ ಒಂದು ಊರಿದೆ. ಇದು ನನ್ನ ಆರೋಪವಲ್ಲ, ಅವರದೇ ಹೇಳಿಕೆ. ಆ ಊರಿನ ಜನಸಂಖ್ಯೆ ರಬಕವಿ, ಬನಹಟ್ಟಿ ಎರಡನ್ನೂ ಕೂಡಿಸಿದರೂ ಮೀರುತ್ತದಂತೆ! ಕಣ್ಣಿಗೆ ಕಾಣದ ಆ ನಿವಾಸಿಗಳನ್ನು ಅವರು ಕರೆಯುವುದು 'ಮಂದಿ' ಎಂದು. ಬಿ.ಎಸ್ಸಿ. ಓದಿದ ನಾನು ಸುಮ್ಮನಿರಲಾದೀತೇ? "ಕಾಕಾ, ಅವಕ್ಕ ಬ್ಯಾಕ್ಟೀರಿಯಾ ಅಂತಾರ" ಎಂದೆ.

"ಲೇ ತಮ್ಮಾ, ಮನ್ಯಾಗ ಇರೂ ಮಂದೀನ ಹಂಗ ಬೈಬಾರದು!"

ಬನಹಟ್ಟಿಯ ಅವರ ಮನೆಯಲ್ಲಿ ಎರಡು ಕೈಮಗ್ಗ, ಒಬ್ಬರು ಕಾಕಿ, ಎಣಿಸಲಾಗದಷ್ಟು ಗಡಿಗೆಗಳಿವೆ. ಜನ ಬೆಳಗ್ಗೆ ಎದ್ದು ಸೂರ್ಯನಿಗೆ ಕೈ ಮುಗಿದರೆ ಕಾಕಾ ಅಂಬಲಿಯ ಗಡಿಗೆಗೆ ಕಿವಿ ಇಡುತ್ತಾರೆ. ರಾತ್ರಿಯಿಡೀ ಹುಳಿಯಾಗುತ್ತ ಕೂತ ಅಂಬಲಿ ಒಳಗೊಳಗೇ ಪಿಸುಗುಡುತ್ತದೆ. ಅದನ್ನು ಕೇಳಿ, ತಲೆದೂಗಿ, "ಮಂದಿ ಎದ್ದಾರ" ಎಂದು ಘೋಷಿಸಿದ ಮೇಲೆಯೇ ಮನೆಯಲ್ಲಿ ನಾಷ್ಟಾ. ಕಾಕಿಯ ದೂರು ಬೇರೆ: "ನನ್ನ ಮಾತ ಒಂದ ದಿನಾ ಹಿಂಗ ಕಿವಿಗೊಟ್ಟ ಕೇಳಿದ್ರ, ಇಷ್ಟೊತ್ತಿಗೆ ಮಾಡಿನ ಹಂಚಾದ್ರೂ ಬದಲಾಗ್ತಿದ್ದೂ!"

ಕಾಕಾ ಪರಊರಿಗೆ ಹೊರಟರೆ ಹೆಪ್ಪಿನ ಡಬ್ಬಿಯೂ ಹೊರಡುತ್ತದೆ. ಯಾರದೋ ಮನೆಯ ಮೊಸರನ್ನು ನಂಬುವುದು ಹೇಗೆ? ಒಮ್ಮೆ ಮುಧೋಳದ ಬಸ್ಸಿನಲ್ಲಿ ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಏನ್ರೀ ಯಜಮಾನ್ರ ಅದು?" ಎಂದ ಕಂಡಕ್ಟರ್.

"ಮಂದಿ."

ಕಂಡಕ್ಟರ್ ಡಬ್ಬಿ ನೋಡಿದ, ಕಾಕಾನ ಮುಖ ನೋಡಿದ. "ಫುಲ್ಲೋ, ಹಾಫೋ?"

ನನಗೆ ಹೆಣ್ಣು ನೋಡಲು ಹುನ್ನೂರಿಗೆ ಹೋದಾಗ ನಡೆದದ್ದನ್ನಂತೂ ಕೇಳಲೇಬೇಡಿ. ಕೇಳಿದಿರಾ? ಸರಿ, ಹೇಳುತ್ತೇನೆ. ಆ ಮನೆಯವರು ಪ್ರೀತಿಯಿಂದ ಬಾಟಲಿಯ ತಂಪು ಪಾನೀಯ ಕೊಟ್ಟರು. ಕಾಕಾ ಗ್ಲಾಸನ್ನು ಕಿವಿಗೆ ಹಿಡಿದು, "ಇದರಾಗ ಬರೇ ಸಿಟ್ಟೈತ್ರಿ, ಜೀವ ಇಲ್ಲ. ಒಂದೀಟ ಮಜ್ಜಿಗಿ ಇದ್ರ ಕೊಡ್ರಿ" ಎಂದರು. ನಾನು ನೆಲ ನೋಡುತ್ತ ಕೂತೆ. ಹುಡುಗಿಯನ್ನು ನೋಡುವುದು ಉಳಿದೇಹೋಯಿತು. ದಾರಿಯಲ್ಲಿ, "ಹೆಂಗ ಅನಿಸ್ತು ಕಾಕಾ?" ಎಂದರೆ, "ಹೆಪ್ಪ ಭಾಳ ಹಳೇದಲೇ. ಮನೆತನಾ ಛಲೋ ಐತಿ!" ಎಂದರು.

ಇಂಥವರ ಕೈಗೆ ನನ್ನ ಹೊಟ್ಟೆ ಸಿಕ್ಕಿತು. ಜಮಖಂಡಿಯಲ್ಲಿ ನನ್ನ ನೌಕರಿ. ಬೆಳಗ್ಗೆ ಮಿರ್ಚಿ ಭಜಿ, ಮಧ್ಯಾಹ್ನ ಬೇಕರಿಯ ಪಫ್, ಮಲಗುವಾಗ ಗ್ಯಾಸಿನ ಗುಳಿಗೆ. "ನಿನ್ನ ಊರ ಖಾಲಿ ಆಗೇತಿ. ಹದಿನೈದ ದಿನಾ ನಮ್ಮನ್ಯಾಗಿಂದ ಹೋಗಿ ಬಂದ ಮಾಡು" ಎಂದು ಕಾಕಾ ಆಜ್ಞೆ ಮಾಡಿದರು. ಬೆಳಗ್ಗೆ ಮಜ್ಜಿಗೆ ಬೆರೆಸಿದ ಅಂಬಲಿ. ಆಮೇಲೆ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯ, ಮೊಸರು. ನಗಬೇಡಿ, ಒಂದೇ ವಾರದಲ್ಲಿ ಗುಳಿಗೆ ಮರೆತುಹೋಯಿತು, ನಿದ್ದೆ ಬಂತು, ಸಾಹೇಬರನ್ನು ಕಂಡರೂ ಸಿಟ್ಟು ಬಾರದಾಯಿತು!

ಈ ಉಪಕಾರಕ್ಕೆ ಏನಾದರೂ ಮಾಡಬೇಕೆಂದು ನನಗೆ ಹುಮ್ಮಸ್ಸು ಬಂತು. ಒಂದು ಭಾನುವಾರ ಗಡಿಗೆಗಳನ್ನೆಲ್ಲ ಹೊರಗಿನಿಂದ ತಿಕ್ಕಿ ಒರೆಸಿ, ಅಡುಗೆಮನೆಯಲ್ಲಿ ಸಾಲಾಗಿ ಜೋಡಿಸಿಟ್ಟೆ. ಮಗ್ಗದ ಕೋಣೆಯಲ್ಲಿದ್ದ ಒಂದು ಗಡಿಗೆಯ ಕುತ್ತಿಗೆಗೆ ಸುಣ್ಣದ ಗೆರೆ ಎಳೆದಿತ್ತು. ಕೊಳೆ ಎಂದುಕೊಂಡು ಅದನ್ನೂ ತಿಕ್ಕಿದೆ, ಅದನ್ನೂ ತಂದು ಸಾಲಿಗೆ ಸೇರಿಸಿದೆ.

ನೇಕಾರರ ಮನೆಯ ಮಗುವಿಗೂ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ. ಸುಣ್ಣದ ಗೆರೆಯಿದ್ದರೆ ಅದು ನೂಲಿಗೆ ಹಚ್ಚುವ ಗಂಜಿ. ಅದೂ ಜೋಳದ ಹಿಟ್ಟಿನದೇ, ನೋಡಲು ಅಂಬಲಿಯಂತೆಯೇ. ಆದರೆ ಕೆಡದಿರಲೆಂದು ಕಾಕಾ ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಮೈಲುತುತ್ತ ವಿಷ. ಅದರ ರಾಸಾಯನಿಕ ಸೂತ್ರ ನನಗೆ ಕಂಠಪಾಠ!

ಸೋಮವಾರ ಬಸ್ಸಿನ ಅವಸರ. ಕಾಕಾ ಇನ್ನೂ ಮುಖ ತೊಳೆಯುತ್ತಿದ್ದರು. ನಾನೇ ಸಾಲಿನಲ್ಲಿದ್ದ ಒಂದು ಗಡಿಗೆಯಿಂದ ಬಟ್ಟಲಿಗೆ ಬಗ್ಗಿಸಿಕೊಂಡು, ಮಜ್ಜಿಗೆ ಬೆರೆಸಿ ಎತ್ತಿದೆ. ಒಂದು ಗುಟುಕು ಒಳಗಿಳಿಯಿತು. ಏನೋ ಒಗರು. ಹುಳಿ ಏರಿರಬೇಕು, ಒಳ್ಳೆಯದೇ ಎಂದು ಎರಡನೆಯದನ್ನು ಬಾಯಿಗೆ ತುಂಬಿಕೊಂಡೆ. ಅಷ್ಟರಲ್ಲಿ ಕಾಕಾ ಬಂದು ಎಂದಿನಂತೆ ಆ ಗಡಿಗೆಗೆ ಕಿವಿ ಇಟ್ಟರು. ಮತ್ತೊಮ್ಮೆ ಇಟ್ಟರು.

"ಮಂದಿ ಇಲ್ಲ..." ಎಂದವರೇ ಹಾರಿ ಬಂದು ನನ್ನ ಕೈಯ ಬಟ್ಟಲಿಗೆ ಹೊಡೆದರು. "ಉಗುಳಲೇ! ಉಗುಳು!"

ಬಟ್ಟಲು ಹೋಗಿ ಗೋಡೆಗೆ ಬಡಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಪಕ್ಕದ ಮನೆಯವರ ಬೈಕಿನಲ್ಲಿ, ದಾರಿಯುದ್ದಕ್ಕೂ ಕಾರಿಕೊಳ್ಳುತ್ತ, ಕಾಕಾನ ಎದೆಗೆ ಒರಗಿ ದವಾಖಾನೆ ಸೇರಿದೆ. ಡಾಕ್ಟರು ಸಂಜೆಯವರೆಗೆ ಮಲಗಿಸಿಕೊಂಡರು. "ಒಂದ ಗುಟುಕಿಗೆ ಉಳಕೊಂಡ. ಬಟ್ಟಲಾ ಖಾಲಿ ಮಾಡಿದ್ರ ಕಷ್ಟ ಇತ್ತು. ಗಂಜಿ ಗಡಿಗಿ ಗುರುತ ಅಳಿಸಿದವರು ಯಾರ್ರೀ?" ಎಂದು ಗದರಿದರು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ನಾನ ರೀ. ವಯಸ್ಸಾತು, ಮರವು" ಎಂದರು.

ಆ ಗಳಿಗೆಯನ್ನು ನಾನು ಇನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಕಾಕಾ ಮುಖಕ್ಕೆ ಇನ್ನೊಂದು ತಂಬಿಗೆ ನೀರು ಹೆಚ್ಚು ಸುರಿದುಕೊಂಡಿದ್ದರೆ? ಗಡಿಗೆಗೆ ಕಿವಿ ಇಡುವ ಹುಚ್ಚನ್ನು ನಾವೆಲ್ಲ ನಕ್ಕು ನಕ್ಕು ಬಿಡಿಸಿಬಿಟ್ಟಿದ್ದರೆ?

ಡಾಕ್ಟರು ಅತ್ತ ಹೋದಮೇಲೆ ಕಾಕಾ ಮೆಲ್ಲನೆ ಬಗ್ಗಿ ನನ್ನ ಹೊಟ್ಟೆಗೆ ಕಿವಿ ಇಟ್ಟರು. ನರ್ಸ್ ಗಾಬರಿಯಾದಳು. "ಅಜ್ಜಾರ, ಏನ್ ಮಾಡಾಕತ್ತೀರಿ?"

"ತಡಿಯವ್ವಾ, ಗದ್ದಲಾ ಮಾಡಬ್ಯಾಡ."

ಬಹಳ ಹೊತ್ತು ಏನೂ ಇಲ್ಲ. ನಾನೂ ಉಸಿರು ಹಿಡಿದೆ. ಆಮೇಲೆ ಒಳಗೆಲ್ಲೋ ಗುಳುಗುಳು ಎಂದಿತು. ಕಾಕಾ ತಲೆ ಎತ್ತಲಿಲ್ಲ. ನನ್ನ ಅಂಗಿ ಮಾತ್ರ ಅವರ ಕೆನ್ನೆ ತಾಗಿದಲ್ಲಿ ನಿಧಾನಕ್ಕೆ ಒದ್ದೆಯಾಯಿತು.

"ಅದಾರಲೇ ತಮ್ಮಾ," ಎಂದರು, "ಮಂದಿ ಅದಾರ."