ಅಂಬಿಕಾಳ ಉಪವಾಸ

ಅಂಬಿಕಾಳ ಹಲ್ಲು ಕೆಟ್ಟದ್ದು ಅಜ್ಜನ ಅಂಗಿಯ ಕಿಸೆಯಿಂದ. ಬಂದರಿನಲ್ಲಿ ಚೀಲ ಹೊರುವ ಕಂಠೆಪ್ಪ ಸಂಜೆ ಬೈನಾದ ಚಾಳಿಗೆ ಬಂದನೆಂದರೆ ಕಿಸೆಯಲ್ಲಿ ಪೆಪ್ಪರಮೆಂಟು ಇರಲೇಬೇಕು. ಐದು ವರ್ಷದ ಮೊಮ್ಮಗಳು ಅದನ್ನು ದವಡೆಯಲ್ಲಿಟ್ಟುಕೊಂಡೇ ಮಲಗುವಳು. ಹಲ್ಲುಗಳೆಲ್ಲ ಸೀದ ಶೇಂಗಾದಂತೆ ಕಪ್ಪಾದವು. ಕೂಸು ನೋವಿಗೆ ಅತ್ತು ಅತ್ತು ಸೊರಗಿತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬಾಯಿ ತೆಗೆಸಿ ನೋಡಹೋದರೆ, ಕೂಸು ಅವರ ಬೆರಳನ್ನೇ ಕಚ್ಚಿತು. ಬೆಳಗಾವಿ ಕಡೆಯ ಡಾಕ್ಟರಮ್ಮ ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಹೇಳಿದರು:

"ಇಷ್ಟು ಹಲ್ಲಿನ ಕೆಲಸ ಎಚ್ಚರಿದ್ದಾಗ ಆಗೂದಿಲ್ರಿ ಅಜ್ಜಾರ. ಪೂರಾ ನಿದ್ದಿ ಬರಿಸಿ ಒಮ್ಮೆಲೇ ಮಾಡಿಬಿಡೂಣು. ಆದರ ಅವತ್ತ ಮುಂಜಾನೆ ಕೂಸಿಗೆ ಏನೂ ತಿನಿಸಬ್ಯಾಡ್ರಿ. ಹೊಟ್ಟ್ಯಾಗಿಂದು ನಿದ್ದ್ಯಾಗ ಮ್ಯಾಲೆ ಬಂದು ಉಸಿರಿನ ದಾರಿಗೆ ಹೋದರ ಜೀವಕ್ಕ ಕುತ್ತು. ಒಂದು ತುತ್ತು ತಿಂದರೂ ಪಾಳಿ ಹೋತು. ಮತ್ತ ದಸರಾ ಆದಮ್ಯಾಲೇ."

"ಅಜ್ಜಾ, ನನಗ ಅಂಜಿಕಿ ಬರತೈತಿ," ಎಂದಳು ಅಂಬಿಕಾ.

"ಅಂಜಿಕಿ ಯಾಕವಾ? ನಿಮ್ಮಜ್ಜ ಎಂದರ ಸೂಜಿಗೆ ಅಂಜ್ಯಾನೇನು? ಕಣ್ಣು ಮುಚ್ಚಿ ಐದರ ತನಕ ಎಣಿಸು, ಮುಗದಹೋತು."

ಬಂದರಿಗೆ ಸೂಜಿ ಹಾಕುವವರು ಬಂದ ದಿನ ಇದೇ ಅಜ್ಜ ಚೀಲಗಳ ಹಿಂದೆ ಅಡಗಿ ಕೂತ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೊಸೆ ಹೆರಿಗೆಗೆಂದು ತವರಿನಲ್ಲಿದ್ದಳು. ಮಗ ಆನಂದ ಕೊರ್ಲಿಮ್‌ನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ನೇರ ಆಸ್ಪತ್ರೆಗೆ ಬರುವವನಿದ್ದ. ಹೀಗಾಗಿ ಉಪವಾಸದ ಕಾವಲು ಕಂಠೆಪ್ಪನ ಕೊರಳಿಗೆ ಬಿತ್ತು.

ಆ ದಿನ ಬೆಳಿಗ್ಗೆ ಅಜ್ಜ ಮೊಮ್ಮಗಳು ಹೊಸ್ತಿಲು ದಾಟುತ್ತಲೇ ಪಕ್ಕದ ಮನೆಯ ಹೇಮಿಬಾಯಿ ಬಾಳೆಹಣ್ಣು ಹಿಡಿದು ನಿಂತಿದ್ದಳು.

"ಏನೂ ತಿನ್ನಂಗಿಲ್ಲವಾ," ಎಂದ ಕಂಠೆಪ್ಪ.

"ಅಯ್ಯ, ಬರಿ ಹೊಟ್ಟೀಲೆ ಯಾರರ ಒಳ್ಳೆ ಕೆಲಸಕ್ಕ ಹೋಗತಾರೇನು? ಆ ಡಾಕ್ಟರಿಗೆ ಮಕ್ಕಳಿಲ್ಲೇನು?" ಎಂದು ಕೂಸಿನ ಕೈಗೆ ತುರುಕಿದಳು.

ಹೊರಟಾಗ ಕೈಗೆ ಬಂದದ್ದನ್ನು ಮರಳಿಸಿದರೆ ಅಪಶಕುನ. ಕಿಸೆಗೆ ಹಾಕೋಣವೆಂದರೆ ಆ ಕಿಸೆಯ ದಾರಿ ಅಂಬಿಕಾಳಿಗೆ ಬಾಯಿಪಾಠ. ಉಳಿದದ್ದು ಒಂದೇ ಜಾಗ. ಕಂಠೆಪ್ಪ ಹಣ್ಣನ್ನು ಕಸಿದು ತನ್ನ ಬಾಯಿಗೆ ಹಾಕಿಕೊಂಡ.

ನಳದ ಹತ್ತಿರ ಹುಸೇನಬಿ ಅಡ್ಡಬಂದಳು. "ಇದು ತಿನಿಸಲ್ಲ ಕಾಕಾ, ದರ್ಗಾದಾಗ ಓದಿಸಿದ ಸಕ್ಕರಿ. ಕೂಸಿನ ಸಲುವಾಗೇ ಓದಿಸೇನಿ." ಅದೂ ಅಜ್ಜನ ಹೊಟ್ಟೆಗೇ ಹೋಯಿತು.

ಚಾಳಿನ ಬಾಯಲ್ಲಿ ಹಿರಿಯ ಅಡಿವೆಯ್ಯನವರು ಕೋಲೂರಿ ನಿಂತಿದ್ದರು. "ಊರ ದೇವಿ ಪ್ರಸಾದದ ಉಂಡಿ. ಇಲ್ಲ ಅನಬ್ಯಾಡ ಕಂಠೆಪ್ಪ."

ಪ್ರಸಾದ ಯಾವ ಕಾಲದ್ದೋ. ಬಂದರಿನ ಅದಿರಿನ ಹೆಂಟೆಗೂ ಅದಕ್ಕೂ ಬಣ್ಣ ಮಾತ್ರ ಬೇರೆ. ಅಡಿವೆಯ್ಯನವರು ಕಣ್ಣು ಕದಲಿಸಲಿಲ್ಲ. ಕಂಠೆಪ್ಪ ಕಚ್ಚಿದ. ಕಟಕ್ ಅಂದದ್ದು ಉಂಡಿಯಲ್ಲ.

ಬಸ್ಸಿನಲ್ಲಿ ಹಸಿವೆಯೆಂದು ಮೊಮ್ಮಗಳು ಅತ್ತಳು. ದವಡೆ ಹಿಡಿದುಕೊಂಡು ಅಜ್ಜನೂ ಕಣ್ಣೀರು ಹಾಕಿದ. ಎದುರಿನ ಹೆಂಗಸು, "ಎಂಥ ಅಂತಃಕರಣದ ಅಜ್ಜ," ಎಂದು ಮೆಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ಎಲ್ಲ ಸಸೂತ್ರವಾಯಿತು. ಅಂಬಿಕಾ ಮಲಗಿದ್ದೂ ಎದ್ದದ್ದೂ ತನಗೇ ತಿಳಿಯದಂತೆ ಮುಗಿದು, ಮಧ್ಯಾಹ್ನಕ್ಕೆ ಅಪ್ಪನ ಹೆಗಲ ಮೇಲಿದ್ದಳು. ಡಾಕ್ಟರಮ್ಮನ ಕಣ್ಣು ಕಂಠೆಪ್ಪನ ದವಡೆಯ ಮೇಲೆ ಬಿತ್ತು. ಬಾಯಿ ತೆಗೆಸಿ ನೋಡಿದರು.

"ಹಲ್ಲು ಸೀಳೇತ್ರಿ ಅಜ್ಜಾರ. ಕೂಡ್ರಿ, ಇಲ್ಲೇ ಒಂದು ಸೂಜಿ ಚುಚ್ಚಿ ಕಿತ್ತಬಿಡತೇನಿ."

"ಸೂಜಿ ಬ್ಯಾಡ್ರಿ. ನನಗೂ ಕೂಸಿನಂಗ ನಿದ್ದಿ ಬರಿಸ್ರೆಲಾ."

ಡಾಕ್ಟರಮ್ಮ ನಗು ತಡೆದುಕೊಂಡರು. "ಮುಂಜಾನಿಂದ ಏನರ ತಿಂದೀರೇನು?"

"ಏನಿಲ್ರಿ. ಕೂಸಿನ ಸಂಗಾಟ ನಂದೂ ಉಪಾಸ."

ಹೆಗಲ ಮೇಲಿನಿಂದ ನಿದ್ದೆಗಣ್ಣಿನ ದನಿ ಬಂತು. "ಸುಳ್ಳ ಹೇಳತಾನ್ರಿ. ನನ್ನ ಬಾಳಿಹಣ್ಣು, ನನ್ನ ಸಕ್ಕರಿ, ನನ್ನ ಉಂಡಿ, ಎಲ್ಲಾ ತಾನ ತಿಂದಾನ."

ಡಾಕ್ಟರಮ್ಮ ಸೂಜಿ ಎತ್ತಿಕೊಂಡು, ಇನ್ನೊಂದು ಕೈಯಿಂದ ಅವನ ತುಟಿ ಸರಿಸಿದರು.

"ಅಂಜಬ್ಯಾಡಜ್ಜಾ," ಎಂದಳು ಅಂಬಿಕಾ. "ಕಣ್ಣು ಮುಚ್ಚಿ ಐದರ ತನಕ ಎಣಿಸು."

ಕಂಠೆಪ್ಪ ಕಣ್ಣು ಮುಚ್ಚಿದ. ಎರಡು ಎನ್ನುವಷ್ಟರಲ್ಲಿ ಚೀರಿದ್ದು ಡಾಕ್ಟರಮ್ಮ.

"ಗುಳಿಗಿ ಬರದಕೊಡತೇನಿ," ಎಂದರು ಇನ್ನೊಂದು ಬೆರಳಿಗೆ ಊದಿಕೊಳ್ಳುತ್ತ. "ದಸರಾ ಆದಮ್ಯಾಲೆ ಬರ್ರಿ. ಬರಿ ಹೊಟ್ಟೀಲೆ."