ಬಚ್ಚಲಿನೊಳಗಿಂದ ಉಪನ್ಯಾಸ

ಪರದೇಶಕ್ಕೆ ಕಾಲಿಟ್ಟ ದಿನವೇ ಹೆಂಡತಿಯ ಮುಂದೆ ಘೋಷಿಸಿಬಿಟ್ಟೆ: "ನೋಡೇ, ನಾವು ಬಂದಿರೋದು ಸೇವೆ ಮಾಡೋಕೆ, ಮಾಡಿಸ್ಕೊಳ್ಳೋಕಲ್ಲ! ಈ ಮನೇಲಿ ಏನೇ ಕೆಟ್ಟರೂ ಯಾರನ್ನೂ ಕರೆಯೋ ಹಾಗಿಲ್ಲ. ನಾನಿದ್ದೀನಿ!"

"ಅದೇ ಭಯ ರೀ," ಎಂದಳು.

ಆರೋಗ್ಯ ಇಲಾಖೆಯಿಂದ ನಿವೃತ್ತನಾದ ಮೇಲೂ ನನ್ನ ಕಾಲಿನ ಚಕ್ರ ನಿವೃತ್ತವಾಗಿರಲಿಲ್ಲ. ಸ್ವಯಂಸೇವಕರು ಬೇಕೆಂಬ ಕರೆ ಕಂಡದ್ದೇ ತಡ, ಅವಳನ್ನೂ ಹೊರಡಿಸಿಕೊಂಡು ಬಂದಿದ್ದೆ. ನಮಗೆ ಸಿಕ್ಕಿದ್ದು ಆರೋಗ್ಯ ಕೇಂದ್ರದ ಮಹಡಿಯಲ್ಲಿ ಎರಡು ಕೋಣೆ. ಭಾಷೆ ಬಾರದು, ಹಾಸಿಗೆ ಒಗ್ಗದು. ನಲ್ಲಿ ಎಡಕ್ಕೆ ತಿರುಗಿಸಿದರೆ ಸುಡುನೀರು, ಬಲಕ್ಕೆ ತಿರುಗಿಸಿದರೆ ಮುನಿಸು! ಕೂತರೆ ಏಳಬೇಕು, ಎದ್ದರೆ ಅಡ್ಡಾಡಬೇಕು ಅನ್ನಿಸುವ ಚಡಪಡಿಕೆ. ಅದನ್ನೆಲ್ಲ ಬಚ್ಚಲುಮನೆಯ ಬಾಗಿಲ ಮೇಲೆ ತೀರಿಸಿಕೊಂಡೆ. ಅದರ ಹಿಡಿಕೆ ಲೊಡಲೊಡ ಅನ್ನುತ್ತಿತ್ತು.

"ಬಡಗಿಗೆ ಹೇಳೋಣ ರೀ."

"ಇಷ್ಟಕ್ಕೆ ಬಡಗಿಯಾ?" ಎಂದು ಕತ್ತರಿಯ ತುದಿಯಿಂದ ಸ್ಕ್ರೂ ತಿರುಗಿಸಿದೆ. ಕೆಲಸ ಮುಗಿದಾಗ ಒಂದು ಸ್ಕ್ರೂ ಉಳಿಯಿತು. ಹಿಡಿಕೆ ಮಾಡಿದವರು ಧಾರಾಳಿಗಳು ಎಂದುಕೊಂಡೆ!

ಮರುದಿನವೇ ನನ್ನ ಮೊದಲ ಉಪನ್ಯಾಸ: ಕೈ ತೊಳೆಯುವ ಕ್ರಮ. ಬೀದಿ ಬೀದಿಯಲ್ಲೂ ಭೇದಿ ಹಬ್ಬಿದ್ದ ಕಾಲ. ಜನ ಕಿವಿಗೊಟ್ಟರೆ ಊರೆಲ್ಲ ಸುತ್ತುವ ಕೆಲಸ, ಇಲ್ಲದಿದ್ದರೆ ಗೋದಾಮಿನಲ್ಲಿ ಮಾತ್ರೆಡಬ್ಬ ಜೋಡಿಸುವ ಕೆಲಸ ಎಂದು ಹಿರಿಯ ನರ್ಸ್ ಖಡಾಖಂಡಿತವಾಗಿ ಹೇಳಿದ್ದರು. ನನ್ನ ಇಂಗ್ಲಿಷನ್ನು ಅಲ್ಲಿಯ ಭಾಷೆಗೆ ತಿರುಗಿಸುವವರೂ ಅವರೇ.

ಕೆಳಗಿಳಿಯುವ ಮುನ್ನ ಅಭ್ಯಾಸಕ್ಕೆಂದು ಬಚ್ಚಲು ಹೊಕ್ಕು ಬಾಗಿಲು ಹಾಕಿಕೊಂಡೆ. ಸೋಪು ಹಚ್ಚಿ, ಉಜ್ಜಿ, ತೊಳೆದು, ಹಿಡಿಕೆ ಎಳೆದೆ. ಹಿಡಿಕೆ ಕೈಗೆ ಬಂತು, ಬಾಗಿಲು ಕೈಕೊಟ್ಟಿತು!

"ಲೇ, ಆಚೆಯಿಂದ ತೆಗಿಯೇ!"

"ಆಚೆ ಹಿಡಿಕೆ ನೆಲದ ಮೇಲೆ ಮಲಗಿದೆ. ಬಡಗೀನ ಕರೀಲಾ?"

"ಬೇಡ! ಮಾನ ಹೋಗುತ್ತೆ!"

"ಮಾನ ಹೋಗೋಕೂ ಬಾಗಿಲು ತೆಗೀಬೇಕಲ್ಲ ರೀ?"

ಭುಜ ಕೊಟ್ಟು ಗುದ್ದಿದೆ. ಬಾಗಿಲು ಅಲ್ಲಾಡಲಿಲ್ಲ, ಭುಜ ಅಲ್ಲಾಡಿತು! ಆ ಸದ್ದಿಗೆ ಕೆಳಗೆ ಉಪನ್ಯಾಸಕ್ಕೆ ಕಾದಿದ್ದ ಜನವೆಲ್ಲ ಮಹಡಿ ಹತ್ತಿದರು. ಬಚ್ಚಲಲ್ಲಿ ನರಳುವ ಗಂಡ, ಹೊರಗೆ ಗಾಬರಿಯ ಹೆಂಡತಿ, ಊರಲ್ಲಿ ಭೇದಿ. ತಾಳೆ ಹಾಕಲು ಭಾಷೆ ಬೇಕೇ? ಬಾಗಿಲಡಿಯ ಸಂದಿಯಿಂದ ಒಂದು ತಟ್ಟೆ ಒಳಗೆ ಜಾರಿತು. ತಟ್ಟೆಯಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರು!

"ಗುಟುಕು ಗುಟುಕಾಗಿ ಕುಡೀಬೇಕಂತೆ," ಎಂದಳು ಹೆಂಡತಿ, ನಗು ತಡೆದು.

ಅಷ್ಟರಲ್ಲಿ ನರ್ಸ್ ದನಿ: "ಸರ್, ಉಪನ್ಯಾಸ ಇವತ್ತಿಗೆ ಬೇಡ ಅಂದುಬಿಡಲಾ?"

ಗೋದಾಮು ಕಣ್ಣೆದುರು ಬಂತು. "ಹಾಗನ್ನಲೇಬೇಡಿ! ಇಲ್ಲಿಂದಲೇ ಶುರು!"

ಎಂಥ ಉಪನ್ಯಾಸವದು! ಬೆರಳ ಸಂದಿ, ಉಗುರ ಬುಡ, ಮಣಿಕಟ್ಟು, ಒಂದನ್ನೂ ಬಿಡಲಿಲ್ಲ. ನಡುನಡುವೆ ನಲ್ಲಿ ಬಿಟ್ಟು ಹಿಮ್ಮೇಳವನ್ನೂ ಕೊಟ್ಟೆ. ಪ್ರತಿ ಮಾತಿಗೂ ಹೊರಗಿನಿಂದ ತುಂಬು ಮೆಚ್ಚುಗೆಯ "ಹ್ಞೂಂ". ಉಬ್ಬಿಹೋದೆ! ಕೊನೆಯ ವಾಕ್ಯ ಮುಗಿಸುವುದಕ್ಕೂ ಬಾಗಿಲು ಕಳಚಿ ಬರುವುದಕ್ಕೂ ಸರಿಹೋಯಿತು. ಕಿವಿಗಡಚಿಕ್ಕುವ ಚಪ್ಪಾಳೆ! ಬಾಗಿ ಕೈಮುಗಿದೆ. ನನ್ನೆದುರು ಉಳಿ ಹಿಡಿದು ನಿಂತಿದ್ದ ಬಡಗಿಯೂ ಬಾಗಿ ಕೈಮುಗಿದ.

"ನೋಡಿದ್ಯಾ," ಎಂದೆ ಹೆಂಡತಿಗೆ, "ಜನಕ್ಕೆ ಎಷ್ಟು ಹಿಡಿಸ್ತು!"

"ಚಪ್ಪಾಳೆ ನಾನು ಕರೆಸಿದ ಬಡಗಿಗೆ ರೀ. ನರ್ಸಮ್ಮ ಕೆಳಗೆ ಹೆರಿಗೆ ಬಂತು ಅಂತ ನಿಮ್ಮ ಮೊದಲನೇ ಬೆರಳಿಗೇ ಎದ್ದು ಹೋದ್ರು. ಆಮೇಲೆ ನೀವು ಹೇಳಿದ್ದು ಒಬ್ಬರಿಗೂ ಅರ್ಥ ಆಗಿಲ್ಲ."

"ಮತ್ತೆ ಹ್ಞೂಂ ಹ್ಞೂಂ ಅಂತಿದ್ದೋರು?"

"ನಾನೇ! ಅರ್ಥ ಆಗದೆ ಹ್ಞೂಂಗುಟ್ಟೋದು ಮದುವೆ ಆದಾಗಿಂದ ರೂಢಿ ಆಗಿಹೋಗಿದೆ."