ಮಹಡಿ ಮಹಾರಾಣಿಯ ರೆಕಾರ್ಡು

"ರೀ, 'ಗುಡುಗು' ಇದ್ದಾರಾ ಅಂತ ಯಾರೋ ಹುಡುಗಿ ಫೋನ್ ಮಾಡಿದ್ಲು" ಎಂದು ಹೆಂಡತಿ ಬಟ್ಟೆ ಮಡಚುತ್ತಾ ಹೇಳಿದ್ದೇ ತಡ, ಪಿಸುಮಾತು ಸಾಹೇಬರು ಅರ್ಧ ಕುಡಿದ ಕಾಫಿಗೆ ಇನ್ನೊಮ್ಮೆ ಸಕ್ಕರೆ ಹಾಕಿಕೊಂಡರು.

"ತಪ್ಪು ನಂಬರ್ ಇರಬೇಕು."

"ನಾನೂ ಹಾಗೇ ಅಂದೆ. ಆದ್ರೆ ನಮ್ಮ ಮನೆ ವಿಳಾಸ ಸರಿಯಾಗೇ ಹೇಳಿದ್ಲು. ಸಾಯಂಕಾಲ ಬಾಮ್ಮ ಅಂದೆ."

ಸಾಹೇಬರ ಅರ್ಧ ಪ್ರಾಣ ಅಲ್ಲೇ ಹೋಯಿತು. ಉಳಿದರ್ಧವನ್ನು ಸಾಯಂಕಾಲಕ್ಕೆಂದು ಇಟ್ಟುಕೊಂಡರು.

ಸಾಹೇಬರದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ. ಗೋಡೆಗೆಲ್ಲ ಸ್ಪಂಜು ಹೊಡೆದ ಕೋಣೆಯಲ್ಲಿ ಕೂತು ದಿನವಿಡೀ ಜನರ ಬೆನ್ನ ಹಿಂದಿನಿಂದ ಮೆಲ್ಲಗೆ "ಕೇಳಿಸ್ತಾ?" ಅನ್ನಬೇಕು. ಜೋರಾಗಿ ಅಂದರೆ ಎಲ್ಲರೂ ಪಾಸಾಗಿಬಿಡುತ್ತಾರಲ್ಲ! ಹಾಗಾಗಿ ಅಲ್ಲಿನವರು ಇಟ್ಟ ಹೆಸರೇ ಪಿಸುಮಾತು. ಮನೆಯಲ್ಲೂ ಅದೇ ದನಿ. (ಅದಕ್ಕೆ ಮಾತ್ರ ಬೇರೆ ಕಾರಣವಿದೆ, ಸ್ವಲ್ಪ ತಡೆಯಿರಿ.)

ಇಂಥ ಮಹಾನುಭಾವರು ಇಪ್ಪತ್ತರ ಪ್ರಾಯದಲ್ಲಿ "ಕಿತ್ತುಹೋದ ಚಪ್ಪಲಿ" ಎಂಬ ಹಾರ್ಡ್‌ಕೋರ್ ಪಂಕ್ ತಂಡದಲ್ಲಿ 'ಗುಡುಗು' ಎಂಬ ಹೆಸರಿನ ಗಾನಗಂಧರ್ವರಾಗಿದ್ದರು. ಆಗಿನ್ನೂ ಆ ಸಂಗೀತ ಕಣ್ಣು ಬಿಡುತ್ತಿದ್ದ ಕಾಲ. ಹಾರ್ಡ್‌ಕೋರ್ ಪಂಕ್ ಅಂದರೆ ಮತ್ತೇನಿಲ್ಲ, ಹಸಿದವನೊಬ್ಬ ಹೊರಟುಹೋದ ಬಸ್ಸಿನ ಹಿಂದೆ ಓಡುತ್ತಾ ಕಂಡಕ್ಟರನಿಗೆ ಬೈದ ಹಾಗೆ. ಪಕ್ಕದಲ್ಲಿ ಇನ್ನೊಬ್ಬ ಡ್ರಮ್ಮು ಬಡಿಯುತ್ತಾ ಓಡುತ್ತಿರುತ್ತಾನೆ, ಅಷ್ಟೆ. ತಂಡ ಹೊರತಂದದ್ದು ಒಂದೇ ಒಂದು ರೆಕಾರ್ಡು. ತಿಂಡಿ ತಟ್ಟೆಯಷ್ಟು ಅಗಲ. ಹೆಸರು "ಕಾಫಿ ಆರುವ ಮೊದಲು", ಯಾಕೆಂದರೆ ಅಷ್ಟರಲ್ಲಿ ಅದರ ಎರಡೂ ಕಡೆ ಮುಗಿದುಹೋಗುತ್ತಿತ್ತು. "ಬಸ್ಸು ನಿಲ್ಲಲಿಲ್ಲ", "ನನ್ನ ಸೋಪು ಮುಗಿಸಿದ್ಯಾರು", ಇಂಥ ಜೀವನ್ಮರಣದ ವಿಷಯಗಳೇ ಹಾಡುಗಳು. ಕೇಳುವವನಿಗೆ ಮಧ್ಯೆ ಒಂದು ಸೀನು ಬಂದರೆ ಒಂದು ಹಾಡು ತಪ್ಪಿಹೋಗುತ್ತಿತ್ತು.

ಸಾಹೇಬರನ್ನು ನಡುಗಿಸಿದ್ದು ಕೊನೆಯ ಹಾಡು, "ಮಹಡಿ ಮಹಾರಾಣಿ". ತಂಡ ಅಭ್ಯಾಸ ಮಾಡುತ್ತಿದ್ದ ಬಾಡಿಗೆ ಕೋಣೆಯ ಮೇಲೆ ಮನೆ ಮಾಲೀಕರ ಮಗಳ ಕೋಣೆ. ಇವರು ಬಾಯಿ ತೆರೆದ ಕೂಡಲೇ ಆಕೆ ಕೋಲು ತೆಗೆದುಕೊಂಡು ನೆಲ ಕುಟ್ಟುತ್ತಿದ್ದಳು. ಆ ಸಿಟ್ಟಿನಲ್ಲಿ ಕಟ್ಟಿದ ಹಾಡದು: "ಮಹಡಿ ಮಹಾರಾಣಿ, ಕೋಲಿಗಿಂತ ಸಣಕಲು, ಮೂಗಿನ ತುಂಬ ಕೋಪ!"

ಮುಂದೆ ಆ ಮಹಾರಾಣಿಯೇ ಸಾಹೇಬರ ಹೆಂಡತಿಯಾದಳು. ಅದು ಹೇಗೆ ಅಂದರೆ, ಒಂದು ದಿನ ಮೆಟ್ಟಿಲ ಮೇಲೆ ಎದುರಾಗಿ, "ಹಾಗೆ ಕಿರುಚೋದು ನೀವೇನಾ?" ಎಂದು ಕೇಳಿದಳು. ಆ ಕಣ್ಣು ನೋಡಿ ಇವರು, "ಅಯ್ಯೋ, ನಾನಲ್ಲ, ನನಗೂ ತಲೆನೋವು" ಅಂದುಬಿಟ್ಟರು. "ಆ ಕಾಡುಗುಂಪಲ್ಲಿ ಬಾಯಿ ಮುಚ್ಕೊಂಡಿದ್ದವರು ಇವರೊಬ್ಬರೇ, ಅದಕ್ಕೇ ಒಪ್ಪಿಕೊಂಡೆ" ಎಂದು ಆಕೆ ಈಗಲೂ ನೆಂಟರೆದುರು ಹೇಳುತ್ತಾಳೆ. ಇಡೀ ಸಂಸಾರ ನಿಂತಿದ್ದೇ ಆ ಒಂದು ಸುಳ್ಳಿನ ಮೇಲೆ. ಅದು ಬಿದ್ದರೆ ತನ್ನ ಗತಿಯೇನು ಎಂಬ ಹೆದರಿಕೆಯಿಂದ ಸಾಹೇಬರು ಮದುವೆಯಾದಾಗಿನಿಂದ ಜೋರಾಗಿ ಕೆಮ್ಮಿದವರೂ ಅಲ್ಲ.

ಹುಡುಗಿಯನ್ನು ಗೇಟಿನಲ್ಲೇ ತಡೆದು ಸಾಗಹಾಕಬೇಕೆಂದು ಮಧ್ಯಾಹ್ನದಿಂದಲೇ ಹೊರಗೆ ಗಿಡಗಳಿಗೆ ನೀರು ಹಾಕುತ್ತಾ ನಿಂತರು. ಗಿಡಗಳು ತೇಲುವ ಹೊತ್ತಿಗೆ ಕೊಳವೆ ನಿಲ್ಲಿಸಲು ಹಿತ್ತಲಿಗೆ ಹೋದರು. ಸರಿಯಾಗಿ ಆಗಲೇ ಬೆಲ್ ಆಯಿತು. ಓಡಿ ಬರುವಷ್ಟರಲ್ಲಿ ಹುಡುಗಿ ಸೋಫಾದ ಮೇಲೆ, ಅವಳ ಪೆಟ್ಟಿಗೆಯಂಥ ರೆಕಾರ್ಡ್ ಪ್ಲೇಯರ್ ಟೀಪಾಯಿ ಮೇಲೆ.

"ಸರ್, ಗುಡುಗು ನೀವೇನಾ? ನಂದು ರೆಕಾರ್ಡ್ ಅಂಗಡಿ. ನಿಮ್ಮ ರೆಕಾರ್ಡನ್ನ ಮತ್ತೆ ಹೊರಗೆ ತರಬೇಕು ಅಂತಿದ್ದೀನಿ."

ಹೆಂಡತಿ ನಕ್ಕಳು. "ಇವರಾ? ಆಟೋ ಕೂಗೋಕೂ ನಾನೇ ಬೇಕು. ಎಲ್ಲಿ, ಹಾಕಮ್ಮ, ಕೇಳೋಣ."

"ನೀರು ತರ್ತೀನಿ" ಎಂದು ಸಾಹೇಬರು ಒಳಗೆ ಓಡಿ, ಮೀಟರ್ ಬೋರ್ಡಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಬೆವರೊರೆಸುತ್ತಾ ಬಂದರು. "ಛೆ ಛೆ, ಕರೆಂಟ್ ಹೋಯ್ತಲ್ಲ!"

"ಪರವಾಗಿಲ್ಲ ಸರ್, ಇದು ಸೆಲ್ಲಲ್ಲೂ ಓಡುತ್ತೆ."

ಹೀಗೆ ಫ್ಯಾನಿನ ಸದ್ದೂ ಇಲ್ಲದೆ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುವ ವ್ಯವಸ್ಥೆಯನ್ನು ಸಾಹೇಬರೇ ಸ್ವಹಸ್ತದಿಂದ ಮಾಡಿಕೊಟ್ಟಂತಾಯಿತು.

ಬಸ್ಸು ನಿಲ್ಲಲಿಲ್ಲ. ಸೋಪು ಮುಗಿಯಿತು. ಹುಡುಗಿ ರೆಕಾರ್ಡು ಮಗುಚಿ ಹಾಕಿದಳು. "ಮಹಡಿ ಮಹಾರಾಣಿ, ಕೋಲಿಗಿಂತ ಸಣಕಲು" ಎಂದು ಸಾಹೇಬರದೇ ಗಂಟಲು ಅವರ ಮನೆಯಲ್ಲೇ ಕಿರುಚಿತು. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಆಕೆಯ ಚಪ್ಪಲಿ ನೋಡುತ್ತಾ ಕೂತರು. ಈ ಹಾಡಿಗೆ ಒಂದು ಬಾಲವೂ ಇತ್ತು. ಸ್ಟುಡಿಯೋಗೆ ಗತಿಯಿಲ್ಲದೆ ತಂಡ ಅದೇ ಬಾಡಿಗೆ ಕೋಣೆಯಲ್ಲಿ ಹಾಡುಗಳನ್ನು ಟೇಪಿಗಿಳಿಸಿತ್ತು. ಕೊನೆಯಲ್ಲಿ ಮಹಾರಾಣಿ ಸ್ವತಃ ಇಳಿದು ಬಂದು ಮುಚ್ಚಿದ ಬಾಗಿಲ ಹೊರಗೆ ನಿಂತು ಬೈದದ್ದೂ ಅದರಲ್ಲಿ ಸೇರಿಹೋಯಿತು. ಇನ್ನೊಮ್ಮೆ ಹಾಡಲು ಟೇಪು ಉಳಿದಿರಲಿಲ್ಲ.

ಢಬ್! ಢಬ್! "ಏ ಮುಠ್ಠಾಳರಾ! ನಿಲ್ಲಿಸ್ತೀರೋ, ಇಲ್ಲಾ ಈ ಕೋಲು ನಿಮ್ಮ ತಲೆ ಮೇಲೆ ಮುರೀಲೋ!"

ಪ್ಲೇಯರಿನ ಮುಳ್ಳು ಎದ್ದಿತು.

"ತಪ್ಪಾಯ್ತು ಕಣೇ" ಎಂದರು ಸಾಹೇಬರು, ಆಸ್ಪತ್ರೆಯ ದನಿಗಿಂತಲೂ ಮೆಲ್ಲಗೆ. "ಕಿರುಚ್ತಿದ್ದವನು ನಾನೇ."

"ಅದ್ಯಾರಿಗೆ ಬೇಕು? ಮದುವೆಯಾದ ವಾರವೇ ಗೊತ್ತಾಯ್ತು. ನಿದ್ದೇಲಿ ಇದೇ ಹಾಡು ಹೇಳ್ತೀರಿ, 'ಸಣಕಲು' ಅನ್ನೋ ಕಡೆ ಹಾಸಿಗೆ ಬೇರೆ ಗುದ್ತೀರಿ."

"ಮತ್ತೆ... ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ಹೆದರಿಕೊಂಡಿದ್ರೆ ಮೆತ್ತಗೆ ಮಾತಾಡ್ತೀರಿ. ಮನೆ ತಣ್ಣಗಿತ್ತು, ಕೆಡಿಸೋದ್ಯಾಕೆ ಅಂತ." ಆಮೇಲೆ ಹುಡುಗಿಯತ್ತ ತಿರುಗಿದಳು. "ಅದಿರಲಿ ಕಣಮ್ಮ, ಕೊನೇಲಿ ಬೈದಿದ್ದು ನಾನು! ಅದೂ ಇದರಲ್ಲಿದೆ ಅಂತ ಒಬ್ಬರೂ ಹೇಳಲಿಲ್ಲ ನೋಡು."

ಹುಡುಗಿ ಸೋಫಾದಿಂದ ಎದ್ದೇ ನಿಂತಳು. "ಆಂಟೀ! ಅದು ನೀವಾ? ನಮ್ಮ ಅಂಗಡಿಗೆ ಬರೋರೆಲ್ಲ ಆ ಬೈಗುಳಕ್ಕೋಸ್ಕರ ಮಿಕ್ಕಿದ್ದನ್ನ ಸಹಿಸಿಕೊಳ್ತಾರೆ!"

ಸಾಹೇಬರು ಎದ್ದು ಹೋಗಿ ಫ್ಯೂಸ್ ಹಾಕಿ ಬಂದರು. ಯಾರೂ ಗಮನಿಸಲಿಲ್ಲ.

ಮುಂದಿನ ತಿಂಗಳು, ಹಳೇ ಹಾಡನ್ನು ಇನ್ನೊಮ್ಮೆ ಹಾಡಿ ನೋಡೋಣವೆಂದು ತಂಡ ಸಾಹೇಬರ ಮನೆಯಲ್ಲೇ ಮತ್ತೆ ಸೇರಿತು. ಈಗ ಪರದೆ ಅಂಗಡಿ ಇಟ್ಟಿರುವ ಹಳೇ ಡ್ರಮ್ಮಿನವನು ಕಣ್ಣು ಮುಚ್ಚಿ ಬಡಿದ. ಇಷ್ಟು ಕಾಲದ ಭಯವನ್ನೆಲ್ಲ ಕಿತ್ತೊಗೆಯುವಂತೆ ಸಾಹೇಬರು ಎದೆ ತುಂಬ ಉಸಿರೆಳೆದು ಬಾಯಿ ತೆರೆದರು. ಬಂದದ್ದು "ಕೇಳಿಸ್ತಾ?" ಅನ್ನುವ ದನಿ. ಇನ್ನೊಮ್ಮೆ ತೆರೆದರು. ಅದೇ.

ಡ್ರಮ್ಮಿನವನು ಮಹಾರಾಣಿಯನ್ನು ನೋಡಿದ. ಆಕೆ ಮೈಕು ತೆಗೆದುಕೊಂಡು, ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನು ಗಂಡನ ಕೈಗೆ ಕೊಟ್ಟಳು. ಅದೂ ಒಂದು ವಾದ್ಯವೇ ಅಂದುಕೊಂಡು ಸಾಹೇಬರು ಬಾಗಿಲ ಹೊರಗೆ ನಿಂತು, ಹಾಡು ಮುಗಿಯುವುದನ್ನೇ ಕಾದು, ಎರಡು ಸಲ ಕುಟ್ಟಿದರು.

"ರೀ, ಸ್ವಲ್ಪ ಮೆಲ್ಲಗೆ" ಎಂದಳು ಒಳಗಿನಿಂದ ಮಹಾರಾಣಿ. "ನಾನು ಬೈಯೋದು ಕೇಳಿಸಬೇಡ್ವಾ?"